ಕೋಡಿ ಬಟ್ಟೆ ತಂದವರ ಫೋನ್ ನಂಬರು

ಪಟ್ಟಿಯ ಎರಡು ಸಾಲುಗಳಲ್ಲಿ ಒಂದೇ ಫೋನ್ ನಂಬರು ಇತ್ತು. ಕಂಪ್ಯೂಟರು ಎರಡಕ್ಕೂ ಕೆಂಪು ಬಣ್ಣ ಹಚ್ಚಿ, ‘ನಕಲು ಇರಬಹುದು, ಅಳಿಸಬೇಕೆ?’ ಎಂದು ಕೇಳಿತು. ನಾನು ಒಂದನ್ನು ಅಳಿಸಿದೆ. ಪಟ್ಟಿ ಬಹಳ ಶುದ್ಧವಾಗಿದೆ ಎಂದು ಆ ವಾರ ನಮ್ಮ ವೈದ್ಯರು ಮೆಚ್ಚಿಕೊಂಡರು. ಆ ಮೆಚ್ಚುಗೆಯನ್ನು ಮನೆಯಲ್ಲಿ ತಾಯಿಯ ಮುಂದೆ ಎರಡು ಸಲ ಹೇಳಿದೆ.

ಅಳಿಸಿದ್ದು ಒಬ್ಬ ಹುಡುಗಿಯ ಸಾವನ್ನು ಎಂದು ತಿಳಿದದ್ದು ಹನ್ನೊಂದು ದಿನಗಳ ನಂತರ.

ಕೆಲಸ ಏನೆಂದು ಮೊದಲು ಹೇಳಬೇಕು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಹದಿನೈದರಿಂದ ಮೂವತ್ತೈದು ವರ್ಷದೊಳಗಿನವರು ಇದ್ದಕ್ಕಿದ್ದಂತೆ ಕುಸಿದು ಸತ್ತರೆ, ಆ ಊರಿನ ಆರೋಗ್ಯ ದಾದಿ ತಮ್ಮ ಮೊಬೈಲಿನಿಂದ ಒಂದು ಫಾರ್ಮ್ ಕಳಿಸುತ್ತಾರೆ. ಅದು ಸೇಲಂನಲ್ಲಿರುವ ನಮ್ಮ ದಾಖಲೆ ಕೊಠಡಿಗೆ ಬಂದು ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ನಮ್ಮಲ್ಲೊಬ್ಬರು ಆ ಮನೆಗೆ ಹೋಗಿ ಕೊನೆಯ ದಿನ, ಕೊನೆಯ ಗಂಟೆ, ಕೊನೆಯ ನಿಮಿಷ ಹೇಗೆ ಕಳೆಯಿತು ಎಂದು ವಿಚಾರಿಸಿ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಸಾವಿನ ಕಾರಣವನ್ನು ಅಂದಾಜು ಮಾಡುತ್ತಾರೆ. ಊರಿನಲ್ಲಿ ಎಲ್ಲ ಹಠಾತ್ ಸಾವಿಗೂ ಒಂದೇ ಹೆಸರು: ‘ಮಾರಡೈಪ್ಪು’, ಎಂದರೆ ಎದೆ ಕಟ್ಟಿ ನಿಂತುಹೋಯಿತು ಎಂದು. ಆ ಒಂದು ಪದದ ಹಿಂದೆ ಎಷ್ಟು ಬೇರೆ ಬೇರೆ ಕಾಯಿಲೆಗಳು ಅಡಗಿವೆ ಎಂದು ನೋಡುವುದೇ ನಮ್ಮ ಕೆಲಸ.

ಸತ್ತವನನ್ನು ತಿರುಗಿ ತರಲಾಗದು. ಆದರೆ ಕೆಲವು ಕಾಯಿಲೆಗಳು ರಕ್ತದಲ್ಲಿ ಬರುವಂಥವು. ಸತ್ತವನ ಸಾವನ್ನು ಸರಿಯಾಗಿ ಓದಿದರೆ ಇನ್ನೂ ಬದುಕಿರುವ ತಂಗಿಯನ್ನೋ ತಮ್ಮನನ್ನೋ ಉಳಿಸಬಹುದು. ಇದನ್ನು ತರಬೇತಿಯ ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದುಕೊಂಡಿದ್ದೆ.

ನಮ್ಮ ಮನೆಯವರು ಸೇಲಂ ಪಟ್ಟಣದ ಕೈಮಗ್ಗದವರು, ಮನೆಮಾತು ಕನ್ನಡ. ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಕಚೇರಿಯಲ್ಲಿ ಯಾರೂ ನನ್ನ ತಪ್ಪನ್ನು ಎತ್ತಿ ತೋರಿಸಬಾರದು ಎಂಬ ಭಯ ನನ್ನ ಜೊತೆಯಲ್ಲೇ ಬಸ್ಸು ಹತ್ತುತ್ತಿತ್ತು. ಆದ್ದರಿಂದ ಫಾರ್ಮಿನ ಪ್ರಶ್ನೆಗಳನ್ನು ಫಾರ್ಮಿನಲ್ಲಿ ಇರುವ ಹಾಗೆಯೇ, ಶುದ್ಧ ತಮಿಳಿನಲ್ಲಿ ಕೇಳುತ್ತಿದ್ದೆ. ಕನ್ನಡದ ಮನೆಗೆ ಹೋದರೂ ಹಾಗೆಯೇ. ಮನೆಯಲ್ಲಿ ಕಲಿತದ್ದನ್ನು ಮನೆಯಲ್ಲೇ ಬಿಟ್ಟು ಬರುವುದು ಸರಿಯಾದ ಕ್ರಮ ಎಂದು ತಿಳಿದಿದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಮೊರಪ್ಪೂರಿನ ದಾದಿಯಿಂದ ಫೋನ್ ಬಂತು. ಆಕೆಯೂ ಕನ್ನಡದವರೇ, ನಿವೃತ್ತಿಗೆ ಹತ್ತಿರ ಬಂದವರು. ನಮಸ್ಕಾರಕ್ಕೆ ಕಾಯುವ ಅಭ್ಯಾಸ ಅವರಿಗಿಲ್ಲ; ನಮ್ಮವರೆಲ್ಲರ ಹಾಗೆ ಮಾತಿನಲ್ಲಿ ‘ಹ’ಕಾರವೂ ಇಲ್ಲ.

“ಏನಮ್ಮಣಿ, ನಾ ಕಳಿಸಿದ ಸಾವು ಎಲ್ಲಿ ಓಯ್ತು?”

“ಯಾವುದಕ್ಕಾ?”

“ನಮ್ಮ ಸ್ಟೇಷನ್ ಉಡುಗೀದು. ನಿಮ್ಮ ಲಿಸ್ಟ್‌ನಲ್ಲಿ ಕಾಣ್ತಾ ಇಲ್ಲ. ಸತ್ತೋಳು ಎದ್ದು ಬಂದ್ಲಾ, ಇಲ್ಲ ನೀನೇ ಎಬ್ಬಿಸಿ ಕಳಿಸ್ಬಿಟ್ಯಾ?”

ನಾನು ವಿವರಿಸಿದೆ. ಅವರ ಫಾರ್ಮ್ ಸಿಗ್ನಲ್ ಇಲ್ಲದ ಜಾಗದಿಂದ ಅರ್ಧವೇ ಬಂದಿತ್ತು. ಸತ್ತವರ ಹೆಸರಿನ ಜಾಗ ಖಾಲಿ, ಗಂಡೋ ಹೆಣ್ಣೋ ಎಂಬ ಜಾಗವೂ ಸತ್ತ ದಿನಾಂಕದ ಜಾಗವೂ ಖಾಲಿ. ಅದಕ್ಕೂ ಕೆಲವು ವಾರಗಳ ಮೊದಲು ತಾರಮಂಗಲಂನಿಂದ ಇನ್ನೊಂದು ಬಂದಿತ್ತು. ವಯಸ್ಸಿನ ಗುಂಪು ಒಂದೇ, ಸುದ್ದಿ ಕೊಟ್ಟವರ ಹೆಸರು ಒಂದೇ, ಫೋನ್ ನಂಬರು ಒಂದೇ. ಸತ್ತ ಊರು ಒಂದು, ಮನೆಯಿರುವ ಊರು ಇನ್ನೊಂದು ಆದಾಗ ಒಂದೇ ಸಾವು ಎರಡು ಕಡೆಯಿಂದ ಬರುವುದುಂಟು. ಆದ್ದರಿಂದ ಅಳಿಸಿದೆ ಎಂದೆ. ಹೇಳುವಾಗ ನನ್ನ ಧ್ವನಿ ಸರಿಯಾಗಿಯೇ ಇತ್ತು.

“ನಂಬರು ಒಂದಾದ್ರೆ ಸತ್ತೋರು ಒಂದಾ?” ಎಂದರು ದಾದಿ. “ತಾರಮಂಗಲದ್ದು ಗಂಡುಮಗ. ನಮ್ದು ಎಣ್ಣುಮಗ. ನಂಬರು ಅವ್ರ ಮಾವಂದು. ಎರಡು ಮನೆಗೂ ಅವ್ನೇ ಮಾವ. ಕೋಡಿ ಆಕೋನು ಮಾವ ತಾನೆ, ಆಮ್ಯಾಲೆ ಆಪೀಸ್‌ಗೂ ಅವ್ನೇ ಓಗ್ತಾನೆ. ನೀನೂ ನಮ್ಮೋಳು ತಾನೆ, ಇಷ್ಟೂ ತಿಳೀದಾ?”

ತಿಳಿದಿತ್ತು. ಅದೇ ನನ್ನ ನಾಚಿಕೆ. ಕೋಡಿ ಎಂದರೆ ಇನ್ನೂ ನೀರು ಕಾಣದ ಹೊಸ ಬಟ್ಟೆ. ನಮ್ಮ ಮನೆಗಳಲ್ಲಿ ಸಾವಾದರೆ ತಾಯಿಯ ತವರಿನಿಂದ ಸೋದರಮಾವ ಕೋಡಿ ತಂದು ಹೊದಿಸುವ ತನಕ ಹೆಣ ಎತ್ತುವುದಿಲ್ಲ. ಅವನು ಎಷ್ಟು ದೂರದಲ್ಲಿದ್ದರೂ ಕಾಯುತ್ತಾರೆ. ತಂದೆ ಗೋಡೆಗೆ ಒರಗಿ ಕೂತಿರುತ್ತಾನೆ. ಓಡಾಡುವವನು, ಕಚೇರಿಯಲ್ಲಿ ಸಹಿ ಹಾಕುವವನು, ಫೋನ್ ನಂಬರು ಕೊಡುವವನು ಮಾವ. ನನ್ನ ಚಿಕ್ಕಮ್ಮನ ಮಗ ತೀರಿಕೊಂಡಾಗ ನನ್ನ ಮಾವನೇ ಹೀಗೆ ಓಡಾಡಿದ್ದನ್ನು ಕಣ್ಣಾರೆ ಕಂಡವಳು ನಾನು. ಕಂಪ್ಯೂಟರಿಗೆ ಇದು ತಿಳಿಯದು. ನನಗೆ ತಿಳಿದಿತ್ತು, ಆದರೂ ನಾನು ಕಂಪ್ಯೂಟರಿನ ಮಾತನ್ನೇ ನಂಬಿದೆ.

“ಉಡುಗಿ ಎಂಗೆ ಓದ್ಲು ಅಂತಾದ್ರೂ ಕೇಳ್ತೀಯಾ?” ಎಂದರು ದಾದಿ.

“ಹೇಳಿ ಅಕ್ಕಾ.”

“ಕಾಲೇಜಿಗೆ ಓಗಾಕೆ ಪ್ಲಾಟ್‌ಫಾರಂ ಮೇಲೆ ನಿಂತಿದ್ಲು. ಗೂಡ್ಸ್ ಗಾಡಿ ನಿಲ್ಲದೆ ಓಯ್ತು, ಪಕ್ಕದಾಗೇ ಆರ್ನ್ ಒಡೀತು. ಅಂಗೇ ಕುಸಿದ್ಲು. ಗಾಡಿ ಮುಟ್ಟಿಲ್ಲ, ಮೈಮ್ಯಾಲೆ ಒಂದು ಗೀರಿಲ್ಲ.”

ನಾನು ಕುರ್ಚಿಯಿಂದ ಎದ್ದೆ. ತಾರಮಂಗಲಂ ಮನೆಯ ವಿಚಾರಣೆಯನ್ನು ನಾನೇ ಮಾಡಿದ್ದೆ. ಬರೆದ ವಾಕ್ಯ ನೆನಪಿತ್ತು. ಆ ಯುವಕ ಬೆಳಗಿನ ನಿದ್ದೆಯಲ್ಲಿದ್ದ. ತಲೆಯ ಪಕ್ಕದ ಮೊಬೈಲಿನಲ್ಲಿ ಅಲಾರಂ ಹೊಡೆಯಿತು. ಅದು ಹೊಡೆಯುತ್ತಲೇ ಇದ್ದುದರಿಂದ ತಾಯಿ ಹೋಗಿ ನೋಡಿದರು. ಫಾರ್ಮಿನಲ್ಲಿ ನಾನು ಅದನ್ನು ‘ನಿದ್ರೆಯಲ್ಲಿ ಮರಣ’ ಎಂದು ಸಂಕ್ಷೇಪಿಸಿದ್ದೆ. ಒಂದು ಕಡೆ ಅಲಾರಂ, ಇನ್ನೊಂದು ಕಡೆ ರೈಲಿನ ಹಾರ್ನ್. ಎರಡು ಜಿಲ್ಲೆ, ಎರಡು ಸಾಲು, ಒಬ್ಬನೇ ಮಾವ. ಅಕ್ಕತಂಗಿಯರ ಮಕ್ಕಳು.

ಇನ್ನೊಂದು ತಪ್ಪೂ ಆಗಲೇ ಕಣ್ಣಿಗೆ ಬಿತ್ತು. ಮನೆಯ ಹಿರಿಯನನ್ನು ಕೇಳುವುದೇ ಮರ್ಯಾದೆ ಎಂದು ‘ಕುಟುಂಬದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ?’ ಎಂಬ ಪ್ರಶ್ನೆಯನ್ನು ತಂದೆಗೆ ಹಾಕಿದ್ದೆ. ಅವರು ತಮ್ಮ ಕುಲದ ಕಡೆ ಯೋಚಿಸಿ ‘ಇಲ್ಲ’ ಎಂದರು. ತಾಯಿ ಬಾಗಿಲ ಹತ್ತಿರವೇ ಕುಳಿತಿದ್ದರು. ಅವರ ತವರಿನ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪಟ್ಟಿಯನ್ನು ಮೆಚ್ಚಿದ್ದ ವೈದ್ಯರ ಕೋಣೆಗೆ ಹೋಗುವ ಮೊದಲು ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡೆ. ಒಳಗೆ ಹೋದ ಮೇಲೆ ಕಾಗದ ನೋಡಲೇ ಇಲ್ಲ. ತಪ್ಪನ್ನು ಮೊದಲು ಹೇಳಿದೆ, ಅಲಾರಂ ಮತ್ತು ಹಾರ್ನ್ ಬಗ್ಗೆ ಆಮೇಲೆ. ಬೈಸಿಕೊಳ್ಳಲು ಸಿದ್ಧಳಾಗಿದ್ದ ನನ್ನ ಎದುರಿಗೆ ಅವರು ಪೆನ್ನು ಕೆಳಗಿಟ್ಟರು.

“ಅಳಿಸಿದ್ದು ತಪ್ಪು, ಅದನ್ನು ತಿದ್ದುಪಡಿ ಪುಸ್ತಕದಲ್ಲಿ ಬರೆಯಿರಿ,” ಎಂದರು ತಮಿಳಿನಲ್ಲಿ. “ಈಗ ಹೇಳಿ, ಆ ಮಾವನಿಗೆ ಮಕ್ಕಳಿದ್ದಾರೆಯೇ?”

ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗಲು ಸ್ವಲ್ಪ ಹೊತ್ತು ಬೇಕು. ಇಸಿಜಿಯಲ್ಲಿ ಆ ಅವಧಿಗೆ ಕ್ಯೂಟಿ ಅಂತರ ಎಂದು ಹೆಸರು. ಕೆಲವು ವಂಶಗಳಲ್ಲಿ ಅದು ಹುಟ್ಟಿನಿಂದಲೇ ಉದ್ದ. ಅಂಥವರಲ್ಲಿ ಒಂದು ಬಗೆಯವರಿಗೆ ಹಠಾತ್ ಸದ್ದೇ ಶತ್ರು. ಬೆಚ್ಚಿದ ಕ್ಷಣದಲ್ಲಿ ಬಡಿತದ ಲಯ ತಪ್ಪಿ ಸಾಯಬಹುದು. ಶವಪರೀಕ್ಷೆ ಮಾಡಿದರೂ ಹೃದಯದಲ್ಲಿ ಕೊರತೆ ಕಾಣುವುದಿಲ್ಲ. ಬದುಕಿರುವಾಗ ಕಂಡುಹಿಡಿದರೆ ಮಾತ್ರೆಯಿಂದ ಬಹುಮಟ್ಟಿಗೆ ತಡೆಯಬಹುದು.

ಅಡ್ಡಿ ಒಂದಿತ್ತು. ಸಾವಾದ ಮನೆಗೆ ಹೋಗಿ ವಿಚಾರಿಸಲಷ್ಟೇ ನಮಗೆ ಅನುಮತಿ. ಬದುಕಿರುವ ನೆಂಟರನ್ನು ಅಧ್ಯಯನಕ್ಕೆ ಸೇರಿಸಲು ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಸಾಮಾನ್ಯವಾಗಿ ನಾನು ಇಂಥ ಮಾತಿಗೆ ತಲೆಯಾಡಿಸಿ ಹೊರಬರುವವಳು. ಆ ದಿನ ಮಾತ್ರ, “ಅಧ್ಯಯನ ಬೇಡ ಸರ್. ರೋಗಿಯಾಗಿ ನೋಡಬಹುದಲ್ಲವೇ? ಅವರು ಒಪ್ಪಿದರೆ?” ಎಂದು ಕೇಳಿದೆ. ವೈದ್ಯರು ಒಪ್ಪಿದರು. ಮರುದಿನ ಬೆಳಿಗ್ಗೆ ಸಂಚಾರಿ ಇಸಿಜಿ ಯಂತ್ರವನ್ನೂ, ಅದನ್ನು ನಡೆಸುವ ಮಹಿಳಾ ತಂತ್ರಜ್ಞೆಯನ್ನೂ ನನ್ನ ಜೊತೆ ಕಳಿಸುವುದಾಗಿ ಹೇಳಿದರು.

ಮಾವನ ಮನೆ ಕಡಯಂಪಟ್ಟಿಯಲ್ಲಿ. ಬಸ್ಸು ಓಮಲೂರು ದಾಟುವಷ್ಟರಲ್ಲಿ ನಾನು ಹೇಳಬೇಕಾದ ಮೊದಲ ವಾಕ್ಯವನ್ನು ಆರು ಸಲ ತಿದ್ದಿದ್ದೆ. ತಂತ್ರಜ್ಞೆ ಯಂತ್ರದ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು.

ಮಾವ ಗುಂಡಿಮಗ್ಗದಲ್ಲಿ ಕಾಲಿಳಿಸಿ ಕುಳಿತಿದ್ದ. ಲಾಳಿ ನಿಲ್ಲಿಸಿ ನಮ್ಮನ್ನು ನೋಡಿದ. ಅವನ ಹೆಂಡತಿ, ಆ ಮಕ್ಕಳ ಅತ್ತೆ, ನೀರು ತಂದಳು. ನಾನು ಸಿದ್ಧಪಡಿಸಿದ ತಮಿಳು ವಾಕ್ಯವನ್ನು ಒಪ್ಪಿಸಿದೆ: ತಮ್ಮ ಕುಟುಂಬದ ಸದಸ್ಯರಿಗೆ ಅನುವಂಶಿಕ ಹೃದ್ರೋಗದ ಸಾಧ್ಯತೆ ಇರುವುದರಿಂದ ಪರೀಕ್ಷೆ ಅವಶ್ಯಕ.

ಅತ್ತೆಯ ಮುಖ ಬಿಗಿಯಿತು. “ನಮ್ಮ ಮನೇಲಿ ಯಾರಿಗೂ ಏನೂ ಇಲ್ಲ. ಬೇರೆ ಮನೆ ನೋಡ್ಕೊಳ್ಳಿ.”

ತಂತ್ರಜ್ಞೆ ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಗೋಡೆಯ ಮೂಲೆಯಲ್ಲಿ ಮಗ್ಗಕ್ಕೆ ಏರಿಸಲು ಸುತ್ತಿಟ್ಟಿದ್ದ ಹಾಸುನೂಲು ಕಂಡಿತು. ನಮ್ಮ ಮನೆಯಲ್ಲೂ ಅದೇ ಮೂಲೆಯಲ್ಲಿ ಇಡುತ್ತೇವೆ. ಫಾರ್ಮನ್ನು ಮಡಿಸಿ ಒಳಗಿಟ್ಟೆ. ಮನೆಯ ಮಾತಿನಲ್ಲಿ ಕೇಳಿದೆ: “ಅಣ್ಣಾ, ತಾರಮಂಗಲಕ್ಕೆ ಕೋಡಿ ತಕ್ಕೊಂಡು ಓದೋರು ನೀವೇ ತಾನೆ?”

ಮಾವ ಗುಂಡಿಯಿಂದ ಕಾಲೆತ್ತಿದ. “ನಾನೇ. ಮೊರಪ್ಪೂರಿಗೂ ನಾನೇ. ಈ ಮಗ್ಗದಾಗೇ ನೇಯ್ದಿದ್ದು, ಎರಡೂ.” ನನ್ನನ್ನು ಹೊಸದಾಗಿ ನೋಡಿದ. “ನೀ ಯಾರ ಮನೆಯೋಳು ಕಂದಾ?”

ಹೇಳಿದೆ. ಎರಡು ನಿಮಿಷದಲ್ಲಿ ನನ್ನ ಅಜ್ಜನ ಹೆಸರು, ಅವನ ಕೋಪ, ಅವನು ನೇಯುತ್ತಿದ್ದ ಅಂಚು ಎಲ್ಲ ಹೊರಬಂದವು. ಆಮೇಲೆ ಅಲಾರಂ ಮತ್ತು ಹಾರ್ನಿನ ವಿಷಯ ಹೇಳಿದೆ. ಅವನು ಎರಡನ್ನೂ ಬಲ್ಲವನೇ, ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ.

ಒಳಗಿನ ಬಾಗಿಲಿನಿಂದ ಒಂದು ಧ್ವನಿ ಬಂತು. “ಅಕ್ಕಾ, ನಾನೂ ಬೀಳ್ತೀನಿ. ಕುಕ್ಕರ್ ಕೂಗಿದ್ರೆ. ಸ್ಕೂಲ್ ಬೆಲ್ಲಿಗೂ ಒಂದ್ಸಲ ಬಿದ್ದೆ. ಕ್ಲಾಸಲ್ಲಿ ನಂಗೆ ಕುಕ್ಕರ್ ಅಂತಾನೇ ಎಸರು.”

ಹನ್ನೊಂದನೆಯ ತರಗತಿಯ ಹುಡುಗಿ. ಉದ್ದ ಜಡೆ, ನಗುವ ಮುಖ.

“ಬಾಯ್ಮುಚ್ಚೇ,” ಎಂದಳು ಅತ್ತೆ. ನನ್ನ ಕಡೆ ತಿರುಗಿ, “ಬೆಚ್ಚಿ ಬೀಳೋದು ಎಲ್ಲಾ ಮಕ್ಳಿಗೂ ಉಂಟು. ಎಣ್ಣುಮಗೂಗೆ ಎದೆ ಕಾಯಿಲೆ ಅಂತ ಊರೆಲ್ಲಾ ಆದ್ರೆ ನಾಳೆ ಯಾರು ಎಣ್ಣು ಕೇಳ್ಕೊಂಡು ಬರ್ತಾರೆ? ನೀನ್ ಬರ್ತೀಯಾ?”

ಉತ್ತರ ಕೊಟ್ಟವನು ಮಾವ. ಅವನು ದನಿ ಏರಿಸಲಿಲ್ಲ.

“ಎರಡು ಸಲ ನಾ ತಕ್ಕೊಂಡು ಓಗಿವ್ನಿ. ಈ ಮನೆಗೆ ನಿನ್ನ ತಮ್ಮ ತಕ್ಕೊಂಡು ಬರೋದು ಬ್ಯಾಡ.”

ಈ ಮನೆಯ ಮಗಳಿಗೆ ಸೋದರಮಾವ ಎಂದರೆ ಅತ್ತೆಯ ತಮ್ಮ. ಕೋಡಿ ತರಬೇಕಾದವನು ಅವನು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊನೆಗೆ, “ಅವಳೊಬ್ಬಳಿಗೇ ತೆಗೆಯೋದಾದ್ರೆ ಬ್ಯಾಡ. ಮನೇಲಿ ಎಲ್ರಿಗೂ ತೆಗೀರಿ. ನಂಗೂ ತೆಗೀರಿ,” ಎಂದಳು. ಅದಕ್ಕಿಂತ ಒಳ್ಳೆಯ ಕ್ರಮವನ್ನು ನಮ್ಮ ಯಾವ ಕೈಪಿಡಿಯೂ ಹೇಳಿರಲಿಲ್ಲ.

ಚಾಪೆ ಹಾಸಿ, ಸೀರೆಯೊಂದನ್ನು ಮಗ್ಗದ ಚೌಕಟ್ಟಿನಿಂದ ಇಳಿಬಿಟ್ಟು ಮರೆ ಮಾಡಿದೆವು. ಮೊದಲು ಮಾವ ಮಲಗಿದ. ಹೊರಬಂದ ಕಾಗದದಲ್ಲಿ ಗೆರೆಯೆಲ್ಲ ಗರಗಸದ ಹಲ್ಲಿನಂತೆ ನಡುಗುತ್ತಿತ್ತು. ತಂತ್ರಜ್ಞೆ ಕ್ಲಿಪ್ಪು ಬದಲಿಸಿದಳು, ಪ್ಲಗ್ಗು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಳು, ನಡುಕ ಹೋಗಲಿಲ್ಲ. ಕಾರಣ ಹೊಳೆದದ್ದು ಹುಡುಗಿಗೆ. ಗೋಡೆಯ ಆಚೆ ಪಕ್ಕದವರ ವಿದ್ಯುತ್ ಮಗ್ಗ. ಅತ್ತೆಯೇ ಹೋಗಿ ಅರ್ಧ ಗಂಟೆ ನಿಲ್ಲಿಸಲು ಕೇಳಿ ಬಂದಳು.

“ಏನಂದೆ ಅವ್ರಿಗೆ?” ಎಂದ ಮಾವ.

“ಸರ್ಕಾರದೋರು ಬಂದವ್ರೆ, ಮಗ್ಗದೋರಿಗೆಲ್ಲಾ ಮೈ ನೋಡ್ತಾವ್ರೆ ಅಂದೆ. ಅವ್ರಿಗೂ ನೋಡ್ಬೇಕಂತೆ.”

ಸದ್ದು ನಿಂತ ಮೇಲೆ ಗೆರೆ ಶುದ್ಧವಾಯಿತು. ಮೂವರದೂ ತೆಗೆದೆವು. ಹುಡುಗಿಯ ಕಾಗದದ ಮೇಲೆ ಯಂತ್ರವೇ ಅಚ್ಚು ಹಾಕಿತು: ಸಾಮಾನ್ಯ.

ನನಗೆ ಆದ ನಿರಾಶೆಯನ್ನು ಬರೆಯಲು ಸಂಕೋಚವಾಗುತ್ತದೆ. ಒಬ್ಬ ಹುಡುಗಿ ಆರೋಗ್ಯವಾಗಿದ್ದಾಳೆ ಎಂದರೆ ನಿರಾಶೆ ಏಕೆ? ಆದರೆ ಕುಕ್ಕರ್ ಮತ್ತು ಗಂಟೆ ಸುಳ್ಳಾಗಿರಲಿಲ್ಲ. ಯಂತ್ರದ ಮಾತನ್ನು ಒಮ್ಮೆ ನಂಬಿ ಒಂದು ಸಾಲನ್ನು ಅಳಿಸಿದ್ದವಳು ನಾನು. ಕಾಗದದ ಚಿತ್ರ ತೆಗೆದು ವೈದ್ಯರಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು.

“ಯಂತ್ರ ಬರೆದದ್ದನ್ನು ಓದಬೇಡಿ. ಕೊನೆಯ ಅಲೆ ನೋಡಿ. ಗುಡ್ಡಕ್ಕೆ ಎರಡು ತಲೆ ಇದೆಯಲ್ಲ? ಯಂತ್ರ ಮೊದಲ ತಲೆ ಇಳಿದಲ್ಲಿಗೇ ಅಳತೆ ನಿಲ್ಲಿಸಿದೆ. ಅವಳನ್ನು ಹತ್ತು ನಿಮಿಷ ಮಲಗಿಸಿ. ಆಮೇಲೆ ತಟ್ಟನೆ ಎದ್ದು ನಿಲ್ಲಲು ಹೇಳಿ, ಕ್ಲಿಪ್ಪು ಇದ್ದ ಹಾಗೆಯೇ ಇನ್ನೊಂದು ತೆಗೆಯಿರಿ.”

ಎದ್ದು ನಿಂತಾಗ ಹೃದಯ ವೇಗವಾಗುತ್ತದೆ. ಆರೋಗ್ಯವಂತರಲ್ಲಿ ಕ್ಯೂಟಿ ಅಂತರವೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಈ ಕಾಯಿಲೆಯವರಲ್ಲಿ ಕುಗ್ಗಲು ತಿಣುಕುತ್ತದೆ. ಹುಡುಗಿಯನ್ನು ಹತ್ತು ನಿಮಿಷ ಮಲಗಿಸಿದೆವು. ಯಾರ ಫೋನೂ ಹೊಡೆಯಬಾರದೆಂದು ನಾನೇ ಎಲ್ಲವನ್ನೂ ಇಸಿದುಕೊಂಡು ಆರಿಸಿದ್ದೆ. ಹುಡುಗಿ ಎದ್ದು ನಿಂತಳು. ಕಾಗದ ಸರಸರನೆ ಹೊರಬಂತು.

ನಾನು ಅಳೆಗೋಲು ಹುಡುಕುತ್ತಿರುವಾಗ ಮಾವ ಕಾಗದವನ್ನು ಕೈಗೆತ್ತಿಕೊಂಡ. ಅಂಚಿನ ಚಿತ್ತಾರಗಳನ್ನು ಚೌಕಳಿ ಕಾಗದದ ಮೇಲೆ ಎಣಿಸಿ ಎಣಿಸಿ ಪಳಗಿದ ಕಣ್ಣು ಅವನದು.

“ಇದು ನಮ್ಮ ಡಿಸೈನ್ ಕಾಗದ ತರಾನೇ ಐತೆ. ಎಲ್ಲಿಂದ ಎಲ್ಲೀಗಂಟ ಎಣಿಸ್ಬೇಕು?”

ಬಡಿತದ ಚೂಪು ಮೊನೆ ಶುರುವಾಗುವ ಜಾಗವನ್ನೂ, ಎರಡನೆಯ ತಲೆ ಇಳಿದು ಗೆರೆ ಸಮವಾಗುವ ಜಾಗವನ್ನೂ ತೋರಿಸಿದೆ. ಎರಡು ಮೊನೆಗಳ ನಡುವಿನ ಅರ್ಧ ದಾರಿಯೊಳಗೆ ಗುಡ್ಡ ಇಳಿದಿದ್ದರೆ ಒಳ್ಳೆಯದು, ಇದು ಕಣ್ಣಂದಾಜು ಮಾತ್ರ ಎಂದೆ. ಅವನು ಉಗುರಿನ ತುದಿಯಲ್ಲಿ ಸಣ್ಣ ಚೌಕಗಳನ್ನು ಎಣಿಸಿದ. ಮಲಗಿದಾಗಿನದನ್ನೂ ನಿಂತಾಗಿನದನ್ನೂ ಮೂರು ಮೂರು ಕಡೆ ಎಣಿಸಿದ. ನಾನು ಅಳೆದು ನೋಡಿದರೆ ಒಂದು ಚೌಕವೂ ಹೆಚ್ಚುಕಮ್ಮಿ ಇರಲಿಲ್ಲ.

“ಬಡಿತ ಅತ್ರ ಅತ್ರ ಬಂದೈತೆ,” ಎಂದ. “ಗುಡ್ಡ ಮಾತ್ರ ಅಷ್ಟೇ ಉದ್ದ ಐತೆ. ಮುಂದಿನ ಮೊನೇಗೆ ಓಗಿ ತಾಕ್ತಾ ಐತೆ.” ಆಮೇಲೆ ತನ್ನ ಕಾಗದವನ್ನು ಎಳೆದುಕೊಂಡು ಅದನ್ನೂ ಎಣಿಸಿದ. “ನಂದೂ ಉದ್ದಾನೇ. ನನ್ನಿಂದಾನೇ ಬಂದೈತೆ ಅವಳಿಗೆ.”

“ನಿಮ್ಗೆ ಏನೂ ಆಗಿಲ್ಲಲ್ಲ ಅಪ್ಪಾ,” ಎಂದಳು ಹುಡುಗಿ, “ನಂಗೂ ಆಗಾಕಿಲ್ಲ.”

ಹೊರಗೆ ಹೋಗಿ ನನ್ನ ಫೋನನ್ನು ಮತ್ತೆ ಚಾಲೂ ಮಾಡಿ ಎರಡೂ ಚಿತ್ರಗಳನ್ನು ಕಳಿಸಿದೆ. ಈ ಸಲ ಫೋನ್ ಎರಡೇ ನಿಮಿಷದಲ್ಲಿ ಬಂತು. ಯಾವಾಗಲೂ ಅಳೆದು ಮಾತಾಡುವ ವೈದ್ಯರ ಮಾತಿಗೆ ವೇಗ ಬಂದಿತ್ತು. “ಇಂದೇ ಕರೆದುಕೊಂಡು ಬನ್ನಿ. ಅವಳನ್ನು ಓಡಲು ಬಿಡಬೇಡಿ. ಬಸ್ಸಿನಲ್ಲಿ ಹಾರ್ನಿನಿಂದ ದೂರ, ಹಿಂದೆ ಕೂರಿಸಿ. ಬೇಡ, ಬಸ್ಸೇ ಬೇಡ, ನಾನು ವಾಹನ ಕಳಿಸುತ್ತೇನೆ.”

ನಮ್ಮ ಜೊತೆ ಹೊರಟಾಗ ಅತ್ತೆ ಮಗಳ ಎರಡೂ ಕಿವಿಗೆ ಹತ್ತಿ ಇಟ್ಟಳು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಎಷ್ಟು ಬೆಲೆಯೋ ತಿಳಿಯದು. ನಾನು ತೆಗೆಯಲು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್, ರಕ್ತದಲ್ಲಿನ ಲವಣಗಳ ಪರೀಕ್ಷೆ, ಮತ್ತೆ ಮತ್ತೆ ಇಸಿಜಿ ನಡೆದವು. ಹೃದ್ರೋಗ ತಜ್ಞರು ಅದೇ ಕಾಯಿಲೆ ಎಂದು ಖಚಿತಪಡಿಸಿದರು. ಹುಡುಗಿಗೂ ಮಾವನಿಗೂ ದಿನವೂ ನುಂಗುವ ಮಾತ್ರೆ ಶುರುವಾಯಿತು. ತೆಗೆದುಕೊಳ್ಳಬಾರದ ಔಷಧಿಗಳ ಪಟ್ಟಿಯನ್ನು ತಮಿಳಿನಲ್ಲಿ ಬರೆದು ಕೊಟ್ಟೆವು. ಅತ್ತೆ ಅದನ್ನು ಮಗ್ಗದ ಮೇಲಿನ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾಳೆ. ಮಾವನ ಅಕ್ಕ ತಂಗಿಯರಿಬ್ಬರೂ ಬಂದು ಪರೀಕ್ಷೆ ಮಾಡಿಸಿಕೊಂಡರು. ಮನೆಯಲ್ಲಿ ಕುಕ್ಕರ್ ಇಲ್ಲ, ಅಲಾರಂ ಇಲ್ಲ. “ಅಪ್ಪಾನೇ ಬಂದು ಕಾಲು ಮುಟ್ಟಿ ಎಬ್ಬಿಸ್ತಾರೆ,” ಎಂದು ಹುಡುಗಿ ಫೋನಿನಲ್ಲಿ ದೂರಿದಳು, “ಲೇಟಾದ್ರೆ ಬೈಯೋಂಗೂ ಇಲ್ಲ, ಬೆಚ್ತೀನಿ ಅಂತ. ಒಳ್ಳೆ ಕಾಯಿಲೆ ಅಕ್ಕಾ ಇದು.”

ನಮ್ಮ ಫಾರ್ಮಿಗೆ ಒಂದು ಹೊಸ ಪ್ರಶ್ನೆ ಸೇರಿದೆ. ಕಾಯಿಲೆಯ ಹೆಸರು ಅದರಲ್ಲಿಲ್ಲ. ‘ಕೋಡಿ ಯಾವ ಊರಿನಿಂದ, ಯಾರು ತಂದರು?’ ಎಂದಷ್ಟೇ ಇದೆ, ಮತ್ತು ಅದನ್ನು ತಾಯಿಗೆ ಕೇಳಬೇಕು ಎಂಬ ಸೂಚನೆಯಿದೆ. ಇದಕ್ಕೆ ‘ಇಲ್ಲ’ ಎಂದು ಹೇಳಿದ ಮನೆಯನ್ನು ನಾನು ಇದುವರೆಗೆ ಕಂಡಿಲ್ಲ.

ಮೊರಪ್ಪೂರಿನ ಸಾಲನ್ನು ನಾನೇ ಮರಳಿ ಸೇರಿಸಿದೆ. ಆ ದಿನವೇ ದಾದಿಗೆ ಫೋನ್ ಮಾಡಿದೆ.

“ನಿಮ್ಮ ಸಾಲು ಬಂತಕ್ಕಾ.”

“ಬಂತಾ? ಸರಿ. ಇನ್ನೊಂದ್ಸಲ ನಾ ಕಳಿಸಿದೋರ್ನ ಎಬ್ಬಿಸ್ಬೇಡ. ಬದುಕಿರೋರ್ನ ನೋಡ್ಕೋ, ಸಾಕು.”

ಫೋನ್ ಇಟ್ಟ ಮೇಲೆ, ಚಿಕಿತ್ಸೆಯಲ್ಲಿರುವವರಿಗಾಗಿ ತೆರೆದ ಹೊಸ ಪುಟದಲ್ಲಿ ಹುಡುಗಿಯ ವಿವರ ತುಂಬಿದೆ. ಸಂಪರ್ಕಿಸಬೇಕಾದವರು: ತಂದೆ. ಅದೇ ಮಾವನ ನಂಬರು ನನಗೆ ಬಾಯಿಪಾಠವಾಗಿತ್ತು. ಕೊನೆಯ ಅಂಕೆ ಒತ್ತಿದ ಕೂಡಲೇ ಹಳೆಯ ಎರಡರ ಜೊತೆ ಇದೂ ಸೇರಿ ಮೂರು ಸಾಲುಗಳೂ ಕೆಂಪಾದವು. ‘ನಕಲು ಇರಬಹುದು, ಅಳಿಸಬೇಕೆ?’ ಎಂದು ಕಂಪ್ಯೂಟರು ಕೇಳಿತು.

ಬೇಡ ಎಂದು ಒತ್ತಿದೆ. ಮೂರನೆಯ ಸಾಲಿನಲ್ಲಿ ಸಾವಿನ ದಿನಾಂಕದ ಜಾಗವನ್ನು ಖಾಲಿ ಬಿಟ್ಟೆ.